ಬೇಸಾಯದ ಮುಟ್ಟುಗಳ ಮರಕ್ಕೂ ಕಬ್ಬಿಣಕ್ಕೂ ಮನೆಯಲ್ಲಿಯೇ ಎಣ್ಣೆ ಬಣ್ಣಗಳನ್ನು ಕೊಡುವ ಕ್ರಮ

ಬಿತ್ತನೆಯ ಹದವು ಯಾರಿಗಾಗಿಯೂ ಕಾದು ನಿಲ್ಲುವುದಿಲ್ಲ. ಮಳೆ ಬಿದ್ದು ನೆಲವು ಆರುತ್ತಾ ಬರುವ ಎರಡು ಮೂರು ದಿವಸಗಳೊಳಗೆ ಕೂರಿಗೆಯು ಹೊಲದಲ್ಲಿರಬೇಕು. ಆ ದಿವಸವೇ ಕೂರಿಗೆಯ ತಾಳು ದಿಂಡಿನಲ್ಲಿ ಸಡಿಲವಾಗಿ ಅಲುಗಾಡಿದರೆ, ಹುಳು ಕೊರೆದ ಬಿದಿರಿನ ಕೊಳವೆಯು ಕೈಯಲ್ಲಿಯೇ ಪುಡಿಯಾದರೆ, ಅಥವಾ ನೇಗಿಲಿನ ಈಚು ನಡುವೆ ಸೀಳಿದರೆ, ರೈತನು ಎತ್ತುಗಳನ್ನು ಬಿಚ್ಚಿ ಬಡಗಿಯನ್ನು ಹುಡುಕಿಕೊಂಡು ಹೋಗಬೇಕಾಗುವುದು. ಹಿಂದೆ ಬಡಗಿಗೂ ಕಮ್ಮಾರನಿಗೂ ಸುಗ್ಗಿಯಲ್ಲಿ ಆಯ ಕೊಟ್ಟು ಊರಿನಲ್ಲಿಯೇ ಇರಿಸಿಕೊಂಡಿದ್ದ ಏರ್ಪಾಡು ಈಗ ಅನೇಕ ಗ್ರಾಮಗಳಲ್ಲಿ ಅಳಿದುಹೋಗಿದೆ. ಇರುವ ಒಬ್ಬಿಬ್ಬರ ಬಾಗಿಲಿನಲ್ಲಿ ಹದದ ದಿವಸ ಹತ್ತು ಮಂದಿ ಕಾದಿರುತ್ತಾರೆ. ಅಷ್ಟರಲ್ಲಿ ನೆಲದ ತೇವ ಹಾರಿಹೋಗಿ, ತಡವಾಗಿ ಬಿತ್ತಿದ ಬೀಜವು ಅರೆಬರೆಯಾಗಿ ಮೊಳೆಯುವುದು.

ಹೀಗೆ ಕೈಕೊಟ್ಟ ಮುಟ್ಟುಗಳನ್ನು ತಿರುಗಿಸಿ ನೋಡಿದರೆ, ಹೊಲದಲ್ಲಿ ಗೆಯ್ದು ಸವೆದು ಮುರಿದವುಗಳಿಗಿಂತಲೂ, ಕೆಲಸವಿಲ್ಲದ ತಿಂಗಳುಗಳಲ್ಲಿ ಗೋಡೆಗೆ ಒರಗಿ ನಿಂತು ಕೆಟ್ಟವುಗಳೇ ಎಷ್ಟೋ ಇರುವುವು. ಗೆಯ್ಮೆಯಿಂದಾಗುವ ಸವಕಳಿಯನ್ನು ತಪ್ಪಿಸಲಾಗದು. ನಿಂತಲ್ಲಿಯೇ ಆಗುವ ನಷ್ಟವನ್ನು ಮಾತ್ರ ಒಂದು ಡಬ್ಬಿ ಎಣ್ಣೆ, ಒಂದು ಹಳೆಯ ಬಟ್ಟೆ, ಬೇಸಗೆಯ ನಾಲ್ಕು ಮಧ್ಯಾಹ್ನಗಳು, ಇವುಗಳಿಂದ ಬಹುಮಟ್ಟಿಗೆ ತಡೆಯಬಹುದು. ಇದಕ್ಕೆ ಬಡಗಿಯ ಕೈಚಳಕ ಬೇಕಾಗಿಲ್ಲ.

ಮರವು ಹಿಗ್ಗುವುದೂ ಕುಗ್ಗುವುದೂ

ಆಗ ತಾನೇ ಕಡಿದ ಹಸಿಯ ಮರದಲ್ಲಿ ಒಣಮರದ ತೂಕದ ಅರ್ಧದಷ್ಟು ನೀರಿರುವುದುಂಟು. ಕೆಲವು ಜಾತಿಗಳಲ್ಲಿ ಅದಕ್ಕೂ ಹೆಚ್ಚು. ನೆರಳಿನಲ್ಲಿ ಚೆನ್ನಾಗಿ ಆರಿದ ಮೇಲೆ 100ಕ್ಕೆ 12ರಿಂದ 15 ಪಾಲು ಮಾತ್ರ ಉಳಿಯುವುದು. ಈ ನೀರು ಹೋಗುವಾಗ ಮರವು ಕುಗ್ಗುತ್ತದೆ, ಆದರೆ ಎಲ್ಲ ಕಡೆಗೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ವರ್ಷದ ಉಂಗುರಗಳು ಸುತ್ತಿಕೊಂಡಿರುವ ದಿಕ್ಕಿನಲ್ಲಿ ಸಾಮಾನ್ಯವಾಗಿ 100ಕ್ಕೆ 5ರಿಂದ 10 ಪಾಲು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಅದರ ಅರ್ಧದಷ್ಟು ಕುಗ್ಗುವುದು. ದುಂಡನೆಯ ದಿಮ್ಮಿಯು ಒಣಗುವಾಗ ತಿರುಳಿನವರೆಗೂ ಸೀಳು ಬಿಡುವುದಕ್ಕೂ, ಹಸಿಯಲ್ಲಿ ದುಂಡಾಗಿ ಕೆತ್ತಿದ ಗೂಟವು ಒಣಗಿದ ಮೇಲೆ ಮೊಟ್ಟೆಯಾಕಾರಕ್ಕೆ ಬರುವುದಕ್ಕೂ ಇದೇ ಕಾರಣ.

ಒಣಗಿದ ಮರವೂ ಸುಮ್ಮನಿರುವುದಿಲ್ಲ. ಮಳೆಗಾಲದ ಗಾಳಿಯಿಂದ ತೇವವನ್ನು ಹೀರಿ ಹಿಗ್ಗುವುದು, ಬೇಸಗೆಯಲ್ಲಿ ಅದನ್ನು ಬಿಟ್ಟು ಕುಗ್ಗುವುದು. ಈ ಹಿಗ್ಗು ಕುಗ್ಗುಗಳೇ ಬೆಣೆಗಳನ್ನೂ ಕೀಲುಗಳನ್ನೂ ಸಡಿಲಿಸುವುವು.

ಕೊಡಲಿಯ ಕಾವು ಸಡಿಲವಾದರೆ ಅದನ್ನು ಒಂದು ರಾತ್ರಿ ನೀರಿನಲ್ಲಿ ಇಡುವುದು ಎಲ್ಲೆಲ್ಲಿಯೂ ರೂಢಿಯಲ್ಲಿರುವ ಉಪಾಯ. ಗಾಡಿಯ ಗಾಲಿಗೆ ಹಾಕಿದ ಕಬ್ಬಿಣದ ಪಟ್ಟಿಯು ಬೇಸಗೆಯಲ್ಲಿ ಕಳಚುವಂತಾದರೆ ಗಾಲಿಯನ್ನು ಕೆರೆಗೆ ಉರುಳಿಸುವುದೂ ಇದೇ ಬಗೆಯದು. ಬೆಳಿಗ್ಗೆ ನೋಡಿದರೆ ಎಲ್ಲವೂ ಬಿಗಿಯಾಗಿರುವುದು ನಿಜ. ಆದರೆ ಒಳಗೆ ನಡೆದದ್ದೇ ಬೇರೆ. ಕಬ್ಬಿಣದ ತೂತಿನೊಳಗೆ ಸಿಕ್ಕಿಕೊಂಡ ಮರವು ನೀರು ಕುಡಿದು ಹಿಗ್ಗಲು ನೋಡುತ್ತದೆ, ಕಬ್ಬಿಣವು ಜಾಗ ಕೊಡುವುದಿಲ್ಲ. ಆಗ ಮರದ ನಾರುಗಳು ಒಂದರ ಮೇಲೊಂದು ಒತ್ತಿ ನಜ್ಜುಗುಜ್ಜಾಗುವುವು. ಮತ್ತೆ ಒಣಗಿದಾಗ ನಜ್ಜಾದ ನಾರು ಮೊದಲಿನ ಅಳತೆಗೆ ಬಾರದೆ ಅದಕ್ಕಿಂತಲೂ ಸಣ್ಣದಾಗಿ ನಿಲ್ಲುವುದು. ಆದುದರಿಂದ ನೀರಿನಲ್ಲಿಟ್ಟು ಬಿಗಿ ಮಾಡಿದ ಕಾವು ನಾಲ್ಕು ದಿವಸಗಳ ಮೇಲೆ ಮೊದಲಿಗಿಂತಲೂ ಹೆಚ್ಚು ಸಡಿಲವಾಗುವುದು. ಮತ್ತೆ ನೀರು, ಮತ್ತೆ ಸಡಿಲ. ಮರ ಕಡಿಯುತ್ತಿರುವಾಗ ಕೊಡಲಿಯು ಕಾವಿನಿಂದ ಹಾರಿ ಎದುರಿನಲ್ಲಿದ್ದವನ ಮೊಣಕಾಲಿಗೆ ಬೀಳುವ ಅಪಾಯವು ಇಂತಹ ಕಾವಿನಲ್ಲಿಯೇ ಹೆಚ್ಚು.

ಸರಿಯಾದ ಕ್ರಮವು ಇದಕ್ಕೆ ವಿರುದ್ಧವಾದುದು. ಕಾವನ್ನು ಮೊದಲು ಸಂಪೂರ್ಣವಾಗಿ ಒಣಗಿಸಬೇಕು. ಅಡಿಗೆಯ ಮನೆಯ ಅಟ್ಟದ ಮೇಲೆ ಕೆಲವು ವಾರ ಬಿಸಿಯಲ್ಲಿದ್ದ ಕಾವು ತನ್ನ ಕುಗ್ಗುವ ಭಾಗವನ್ನೆಲ್ಲಾ ಆಗಲೇ ಕುಗ್ಗಿರುವುದು. ಅದನ್ನು ಆ ಸ್ಥಿತಿಯಲ್ಲಿಯೇ ತೂತಿಗೆ ಸರಿಯಾಗಿ ಕೆತ್ತಿ, ಬಡಿದು ಸೇರಿಸಿ, ತಲೆಯಲ್ಲಿ ಸೀಳು ಮಾಡಿ ಒಣಮರದ ಬೆಣೆ ಹೊಡೆದು, ಕೂಡಲೇ ತಲೆಯ ಅಡ್ಡಕೊಯ್ತಕ್ಕೆ ಎಣ್ಣೆ ಕುಡಿಸಬೇಕು. ಹಾಗೆ ಸೇರಿಸಿದ ಕಾವು ಮಳೆಗಾಲದಲ್ಲಿ ತುಸು ಹಿಗ್ಗಿ ಬಿಗಿಯಾಗುವುದೇ ಹೊರತು ಬೇಸಗೆಯಲ್ಲಿ ಸಡಿಲವಾಗಲು ಅದರಲ್ಲಿ ಕುಗ್ಗತಕ್ಕದ್ದು ಹೆಚ್ಚು ಉಳಿದಿರುವುದಿಲ್ಲ. ಗಾಲಿಗೂ ಇದೇ ಮಾತು ಸಲ್ಲುವುದು. ಪಟ್ಟಿಯನ್ನು ಕಾಯಿಸಿ ಹಾಕಿಸುವ ಕೆಲಸವನ್ನು ಮರವು ಅತ್ಯಂತ ಒಣಗಿರುವ ಬೇಸಗೆಯಲ್ಲಿಯೇ ಮಾಡಿಸಿ, ಮಳೆಗೆ ಮುಂಚೆ ಗುಂಬಕ್ಕೂ ಅರಗಳ ಸಂದುಗಳಿಗೂ ಎಣ್ಣೆ ಹಾಕಿದರೆ, ಕೆರೆಗೆ ಉರುಳಿಸುವ ಅಗತ್ಯವೇ ಅಪರೂಪವಾಗುವುದು.

ಮರವನ್ನು ಆರಿಸುವುದು, ಒಣಗಿಸುವುದು

ನೇಗಿಲಿಗೂ ಕುಂಟೆಗೂ ಕರಿಜಾಲಿ, ಗಾಡಿಯ ಕೆಲಸಕ್ಕೆ ಮತ್ತಿ, ಹೊನ್ನೆ, ಕಾವುಗಳಿಗೆ ದಿಂಡಿಗ, ತಡಸಲು, ಹೀಗೆ ಯಾವ ಕೆಲಸಕ್ಕೆ ಯಾವ ಮರವೆಂಬುದನ್ನು ರೈತರು ಚೆನ್ನಾಗಿ ಬಲ್ಲರು. ಆದರೆ ಜಾತಿಗಿಂತಲೂ ಮರದ ಭಾಗವನ್ನು ನೋಡಿಕೊಳ್ಳುವುದು ಹೆಚ್ಚಿನ ವಿಷಯ. ಒಳಗಿನ ಬಣ್ಣಗಟ್ಟಿದ ಚೇಗಿನಲ್ಲಿ ಹುಳುವಿಗೆ ಬೇಕಾದ ಆಹಾರ ಕಡಿಮೆ. ಹೊರಗಿನ ಬಿಳಿಯ ಭಾಗದಲ್ಲಿ ಗಂಜಿಯಂತಹ ಪದಾರ್ಥವಿರುವುದರಿಂದ ಹಿಟ್ಟು ಉದುರಿಸುವ ಹುಳುಗಳು ಅಲ್ಲಿಯೇ ಸೇರುವುವು. ಬಿಳಿಯ ಭಾಗವನ್ನು ಕೆತ್ತಿ ತೆಗೆದರೆ ಮರ ನಷ್ಟವಾಯಿತೆಂದು ವ್ಯಸನಪಡುವವರಿದ್ದಾರೆ. ಅದು ಹೇಗೂ ಎರಡು ವರ್ಷಗಳಲ್ಲಿ ಹಿಟ್ಟಾಗಿ ಹೋಗತಕ್ಕದ್ದೇ.

ಬಿದಿರಿಗೆ ಚೇಗೆಂಬುದೇ ಇಲ್ಲವಾದುದರಿಂದ ಅದಕ್ಕೆ ಬೇರೆ ಉಪಾಯ ಬೇಕು. ಮೂರು ವರ್ಷಕ್ಕೆ ಕಡಿಮೆಯಿಲ್ಲದ ಬಲಿತ ಗಳುವನ್ನು ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರಗಳ ಕಾಲ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟರೆ, ಅದರ ಗಂಜಿಯು ಕರಗಿಹೋಗಿ ಹುಳುವಿನ ಕಾಟ ತಗ್ಗುವುದು. ಕೃಷ್ಣಪಕ್ಷದಲ್ಲಿಯೇ ಕಡಿಯಬೇಕೆಂಬ ರೂಢಿಯುಂಟು. ಹುಣ್ಣಿಮೆ ಅಮಾವಾಸ್ಯೆಗಳಿಗಿಂತ ಋತುವನ್ನು ನೋಡಿಕೊಳ್ಳುವುದೇ ಮೇಲು.

ಮರವು ತನ್ನ ಅಡ್ಡಕೊಯ್ತದ ತುದಿಗಳಿಂದ ಪಕ್ಕಗಳಿಗಿಂತ ಹಲವು ಪಟ್ಟು ಬೇಗ ನೀರನ್ನು ಬಿಡುವುದು. ತುದಿ ಒಣಗಿ ಕುಗ್ಗಿ, ನಡುವೆ ಇನ್ನೂ ಹಸಿಯಾಗಿರುವುದರಿಂದ ತುದಿಯು ಸೀಳುವುದು. ಆದುದರಿಂದ ಕಡಿದ ದಿವಸವೇ ಎರಡು ತುದಿಗಳಿಗೂ ಟಾರನ್ನಾಗಲಿ ಮೇಣವನ್ನಾಗಲಿ ದಪ್ಪನಾಗಿ ಬಳಿಯಬೇಕು. ಅದೂ ಇಲ್ಲದಿದ್ದರೆ ಸಗಣಿ ಜೇಡಿಮಣ್ಣುಗಳ ಮೆತ್ತಿಗೆಯಾದರೂ ಇರಲಿ. ಪಕ್ಕಗಳಿಗೆ ಮಾತ್ರ ಈಗ ಏನನ್ನೂ ಬಳಿಯಕೂಡದು. ಹಸಿಯ ಮರಕ್ಕೆ ಸುತ್ತಲೂ ಟಾರು ಬಳಿದು ಭದ್ರವಾಯಿತೆಂದು ತಿಳಿಯುವುದು ದೊಡ್ಡ ತಪ್ಪು. ನೀರು ಹೊರಗೆ ಹೋಗಲಾರದೆ ಮರವು ಒಳಗಿನಿಂದಲೇ ಕೊಳೆಯುವುದು. ಮೇಲೆ ನೋಡಿದರೆ ಕಪ್ಪಾಗಿ ಗಟ್ಟಿಯಾಗಿರುತ್ತದೆ, ಒದ್ದರೆ ಕಾಲು ಒಳಕ್ಕೆ ಹೋಗುತ್ತದೆ. 100ಕ್ಕೆ 20 ಪಾಲಿಗಿಂತ ಕಡಿಮೆ ತೇವವಿರುವ ಮರದಲ್ಲಿ ಕೊಳೆಯಿಸುವ ಬೂಷ್ಟು ಬೆಳೆಯಲಾರದು. ಒಣಗಿಸುವ ಉದ್ದೇಶವೇ ಇದು.

ಹಲಗೆಗಳನ್ನೂ ತುಂಡುಗಳನ್ನೂ ನೆಲದಿಂದ ಒಂದು ಮೊಳ ಎತ್ತರದಲ್ಲಿ ಕಲ್ಲುಗಳ ಮೇಲಿರಿಸಿ, ನಡುನಡುವೆ ಸಮನಾದ ದಬ್ಬೆಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಒಟ್ಟಬೇಕು. ಗಟ್ಟಿಮರವು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಬೇಡುವುದೆಂದು ಬಡಗಿಗಳ ಲೆಕ್ಕ. ಮರವು ಒಣಗಿತೇ ಇಲ್ಲವೇ ಎಂಬುದನ್ನು ತಿಳಿಯಲು ಮನೆಯ ತಕ್ಕಡಿಯೇ ಸಾಕು. ಒಟ್ಟಿಲಿನಿಂದ ಒಂದು ಸಣ್ಣ ತುಂಡನ್ನು ಗುರುತು ಮಾಡಿ ಪ್ರತಿ ಹದಿನೈದು ದಿವಸಕ್ಕೊಮ್ಮೆ ತೂಗಿ, ತೂಕವನ್ನು ಗೋಡೆಯ ಮೇಲೆ ಬರೆಯುತ್ತಾ ಬರುವುದು. ಬೇಸಗೆಯಲ್ಲಿ ಮೂರು ಸಲ ತೂಗಿದರೂ ತೂಕವು ಇಳಿಯದೆ ನಿಂತರೆ ಆ ತುಂಡಿನಷ್ಟು ದಪ್ಪದ ಮರವು ಸಿದ್ಧವೆಂದು ಭಾವಿಸಬಹುದು.

ಮರಕ್ಕೆ ಎಣ್ಣೆ

ಎಣ್ಣೆಗಳೆಲ್ಲಾ ಒಂದೇ ಗುಣದವಲ್ಲ. ಅಗಸೆ ಎಣ್ಣೆ, ಕುಸುಬೆ ಎಣ್ಣೆ, ಇವುಗಳನ್ನು ತೆಳುವಾಗಿ ಸವರಿದರೆ ಗಾಳಿಯ ಆಮ್ಲಜನಕವನ್ನು ಹೀರಿ ಕ್ರಮೇಣ ಗಟ್ಟಿಯಾದ ಪೊರೆಯಾಗುವುವು. ಹರಳೆಣ್ಣೆ, ಹೊಂಗೆಯ ಎಣ್ಣೆ, ಕಡಲೆಕಾಯಿ ಎಣ್ಣೆಗಳು ಎಷ್ಟು ದಿವಸವಾದರೂ ಹಸಿಯಾಗಿಯೇ ಇರುವುವು. ಇವು ಅಚ್ಚಿಗೂ ಕೀಲಿಗೂ ಒಳ್ಳೆಯವು. ಕಾವಿಗೂ ಈಚಿಗೂ ಹಚ್ಚಿದರೆ ಧೂಳು ಮೆತ್ತಿ ಜಿಗಟಾಗುವುದಲ್ಲದೆ ನೀರನ್ನೂ ಬಹುದಿವಸ ತಡೆಯಲಾರವು. ಅಂಗಡಿಯಲ್ಲಿ ‘ಕಾಯಿಸಿದ ಅಗಸೆ ಎಣ್ಣೆ’ ಎಂದು ದೊರೆಯುವುದು ಹಸಿಯ ಎಣ್ಣೆಗಿಂತ ಬಹು ಬೇಗನೆ ಆರುವುದರಿಂದ ಅದನ್ನೇ ಕೊಳ್ಳುವುದು ಅನುಕೂಲ. ಮನೆಯಲ್ಲಿ ಒಲೆಯ ಮೇಲಿಟ್ಟು ಅದನ್ನು ತಯಾರಿಸಲು ಹೋಗಕೂಡದು. ಉಕ್ಕಿ ಬೆಂಕಿ ಹತ್ತಿದ ಎಣ್ಣೆಯನ್ನು ನೀರಿನಿಂದ ಆರಿಸಲಾಗುವುದಿಲ್ಲ.

ಮುಟ್ಟಿನ ಮೇಲಿರುವ ಮಣ್ಣನ್ನು ಕೆರೆದು, ಒದ್ದೆ ಬಟ್ಟೆಯಿಂದ ಒರೆಸಿ, ಎರಡು ಮೂರು ದಿವಸ ಒಣಗಲು ಬಿಡಬೇಕು. ಕೈ ತಾಗುವ ಭಾಗಗಳನ್ನು ಗಾಜಿನ ಚೂರಿನಿಂದ ಕೆರೆದು ಮರಳು ಕಾಗದದಿಂದ ನುಣುಪು ಮಾಡುವುದು. ಎಣ್ಣೆಯ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬೆಚ್ಚಗೆ ಮಾಡಿದರೆ ಅದು ತೆಳ್ಳಗಾಗಿ ಒಳಕ್ಕೆ ಇಳಿಯುವುದು. ಎಣ್ಣೆಯ ಅರ್ಧದಷ್ಟು ಟರ್ಪೆಂಟೈನನ್ನು ಮೊದಲ ಸಲಕ್ಕೆ ಬೆರೆಸಬಹುದು. ಹಾಗೆ ಬೆರೆಸಿದ್ದನ್ನು ಬೆಂಕಿಯ ಬಳಿಗೆ ತರಬಾರದು. ಬಟ್ಟೆಯಿಂದ ಧಾರಾಳವಾಗಿ ಸವರಿ, ಅರ್ಧ ಗಂಟೆ ಕಾದು, ಮರವು ಕುಡಿಯದೆ ಮೇಲೆ ಉಳಿದದ್ದನ್ನು ಒಣಬಟ್ಟೆಯಿಂದ ಒರೆಸಿಬಿಡಬೇಕು. ಹೀಗೆ ಒರೆಸದೆ ಬಿಟ್ಟವರೇ ಎಣ್ಣೆ ಹಚ್ಚಿದರೆ ಅಂಟಾಗುವುದೆಂದು ದೂರುವವರು. ಎರಡು ಮೂರು ದಿವಸಗಳ ಮೇಲೆ ಎರಡನೆಯ ಸಲ, ಮತ್ತೆ ಅಷ್ಟೇ ದಿವಸ ಬಿಟ್ಟು ಮೂರನೆಯ ಸಲ. ಅಡ್ಡಕೊಯ್ತದ ತುದಿಗಳಿಗೂ ಕೀಲಿನ ತೂತುಗಳ ಒಳಮೈಗೂ ಕುಡಿಯುವಷ್ಟನ್ನೂ ಕುಡಿಸಬೇಕು, ನೀರು ಸೇರುವ ಬಾಗಿಲು ಅವೇ. ಒಂದು ಕೊಡಲಿಯ ಕಾವಿಗೆ ಒಂದು ಸಲಕ್ಕೆ ಎರಡು ಮೂರು ಚಮಚ ಎಣ್ಣೆಗಿಂತ ಹೆಚ್ಚು ಬೇಕಾಗುವುದಿಲ್ಲ.

ನೊಗದ ವಿಷಯದಲ್ಲಿ ವಿಶೇಷವಾದ ಎಚ್ಚರವಿರಬೇಕು. ಎತ್ತಿನ ಹೆಗಲಿಗೆ ತಾಗುವ ಭಾಗವು ಒರಟಾಗಿದ್ದರೆ, ಅಥವಾ ಹಳೆಯ ಬಣ್ಣದ ಪೊರೆ ಎದ್ದಿದ್ದರೆ, ಚರ್ಮವು ಉಜ್ಜಿ ಹುಣ್ಣಾಗುವುದು. ಹುಣ್ಣಾದ ಎತ್ತು ಹದದ ಕಾಲದಲ್ಲಿ ಕೊಟ್ಟಿಗೆಯಲ್ಲಿ ನಿಲ್ಲುವುದು. ಆ ಭಾಗಕ್ಕೆ ಬಣ್ಣ, ಟಾರು, ಯಂತ್ರಗಳಿಂದ ತೆಗೆದ ಹಳೆಯ ಎಣ್ಣೆ, ಇವು ಯಾವುದನ್ನೂ ಹಚ್ಚಕೂಡದು. ಎಂಜಿನಿನಿಂದ ಇಳಿಸಿದ ಕಪ್ಪೆಣ್ಣೆಯು ಪುಕ್ಕಟೆಯಾಗಿ ಸಿಕ್ಕುವುದರಿಂದ ಅದನ್ನೇ ಎಲ್ಲಕ್ಕೂ ಬಳಿಯುವ ಅಭ್ಯಾಸ ಹಬ್ಬಿದೆ. ಅದರಲ್ಲಿ ಚರ್ಮದ ಕ್ಯಾನ್ಸರಿಗೆ ಕಾರಣವಾಗಬಲ್ಲ ಪದಾರ್ಥಗಳಿವೆ. ಕೈಯಿಂದ ಹಿಡಿಯುವ ಕಾವಿಗೂ ಬೀಜ ಹಾಯುವ ಬಟ್ಟಲಿಗೂ ಅದು ಸಲ್ಲದು. ನೊಗವನ್ನು ಗಾಜಿನಿಂದ ಕೆರೆದು ಕನ್ನಡಿಯಂತೆ ನುಣುಪು ಮಾಡಿ ಅಗಸೆ ಎಣ್ಣೆ ಕುಡಿಸಿ, ಅದು ಪೂರಾ ಆರಿದ ಮೇಲೆಯೇ ಎತ್ತಿನ ಹೆಗಲಿಗೆ ಇಡುವುದು.

ಚನ್ನಪಟ್ಟಣದಲ್ಲಿ ಹಾಲೆಯ ಮರದ ಆಟದ ಸಾಮಾನುಗಳನ್ನು ಕಡೆಯುವ ಯಂತ್ರದಲ್ಲಿ ತಿರುಗಿಸುತ್ತಾ, ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜುವಿಕೆಯ ಬಿಸಿಯಿಂದಲೇ ಅದನ್ನು ಕರಗಿಸಿ ಹತ್ತಿಸುವರು. ಅದರ ಹೊಳಪನ್ನು ಕಂಡವರು ತಮ್ಮ ಕಾವುಗಳಿಗೂ ಅರಗನ್ನೇ ಹಚ್ಚಲು ಆಸೆಪಡುವುದುಂಟು. ಅರಗು ಬಿಸಿಲಿಗೆ ಮೆತ್ತಗಾಗುವುದು, ನೀರು ನಿಂತಲ್ಲಿ ಬಿಳಿಚಿಕೊಳ್ಳುವುದು. ಮನೆಯೊಳಗಿನ ತೊಟ್ಟಿಲಿಗೆ ಅದು ಭೂಷಣ, ಹೊಲಕ್ಕೆ ಹೋಗುವ ಮುಟ್ಟಿಗೆ ಅಲ್ಲ.

ಎಣ್ಣೆ ಒರೆಸಿದ ಬಟ್ಟೆಯ ವಿಷಯವು ಮುಟ್ಟಿಗಿಂತಲೂ ಮುಖ್ಯವಾದುದು. ಅಗಸೆ ಎಣ್ಣೆಯು ಆರುವಾಗ ಬಿಸಿಯನ್ನು ಹುಟ್ಟಿಸುತ್ತದೆ. ಮರದ ಮೇಲೆ ತೆಳುವಾಗಿ ಹರಡಿದಾಗ ಆ ಬಿಸಿ ಗಾಳಿಗೆ ಹೋಗುವುದು. ಮುದ್ದೆ ಮಾಡಿ ಮೂಲೆಗೆ ಎಸೆದ ಬಟ್ಟೆಯಲ್ಲಿ ಅದು ಒಳಗೇ ಕೂಡಿ, ಕೆಲವು ಗಂಟೆಗಳಲ್ಲಿ ಯಾರೂ ಕಿಡಿ ತಾಗಿಸದೆ ತಾನಾಗಿ ಬೆಂಕಿ ಹತ್ತಿಕೊಳ್ಳಬಲ್ಲದು. ಹುಲ್ಲಿನ ಬಣವೆಯೂ ಕೊಟ್ಟಿಗೆಯೂ ಮುಟ್ಟುಗಳ ಮನೆಯೂ ಒಂದಕ್ಕೊಂದು ತಾಗಿರುವ ಹಳ್ಳಿಗಳಲ್ಲಿ ಇದರ ಫಲವನ್ನು ವಿವರಿಸಬೇಕಾಗಿಲ್ಲ. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಬಯಲಿನಲ್ಲಿ ಕಲ್ಲಿನ ಮೇಲೆ ಅಗಲವಾಗಿ ಹರಡತಕ್ಕದ್ದು. ಅದು ಆರಿ ಸೆಟೆದುಕೊಂಡ ಮೇಲೆ ಸುಟ್ಟುಬಿಡಬಹುದು.

ಕಬ್ಬಿಣದ ತುಕ್ಕು

ಕಬ್ಬಿಣಕ್ಕೆ ಗಾಳಿ, ನೀರು ಎರಡೂ ಕೂಡಿ ತಾಗಿದಾಗ ತುಕ್ಕು ಹುಟ್ಟುವುದು. ಉಪ್ಪು, ಗಂಜಲ, ಸಗಣಿ, ಅಮೋನಿಯಂ ಸಲ್ಫೇಟ್ ಮೊದಲಾದ ಗೊಬ್ಬರಗಳು ಸೇರಿದರೆ ಅದು ಬಹಳ ಬೇಗ ಹಬ್ಬುವುದು. ಗೊಬ್ಬರದ ಚೀಲಗಳ ಪಕ್ಕದಲ್ಲಿ ಕುಳಗಳನ್ನೂ ಗುದ್ದಲಿಗಳನ್ನೂ ಇಡುವುದು ಅವಿವೇಕ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಸ್ಥಳ ಹಿಡಿಯುವುದರಿಂದ ಹಳೆಯ ತಿರುಪುಗಳೂ ಕೀಲುಗಳೂ ಕಚ್ಚಿಕೊಂಡು ಬಾರದಂತಾಗುವುವು. ಅಂತಹವಕ್ಕೆ ಸೀಮೆಎಣ್ಣೆಯನ್ನಾಗಲಿ ಡೀಸೆಲನ್ನಾಗಲಿ ಹಾಕಿ ಒಂದು ರಾತ್ರಿ ಬಿಟ್ಟು, ಬಳಿಕ ಮೆಲ್ಲನೆ ತಟ್ಟಿ ತಿರುಗಿಸಬೇಕು. ಬಲವನ್ನೇ ಉಪಯೋಗಿಸಿದವರು ತಿರುಪಿನ ತಲೆಯನ್ನು ಕೈಯಲ್ಲಿ ಹಿಡಿದು ನಿಲ್ಲುವರು.

ಮೇಲಿನ ತುಕ್ಕನ್ನು ಇಟ್ಟಿಗೆಯ ನಯವಾದ ಪುಡಿಗೆ ಎಣ್ಣೆ ಬೆರೆಸಿ ತೆಂಗಿನ ನಾರಿನಿಂದ ಉಜ್ಜಿ ತೆಗೆಯಬಹುದು. ಆಳಕ್ಕೆ ಇಳಿದಿದ್ದರೆ ಹುಣಸೆಯ ಹುಳಿಯಲ್ಲಿ ಕೆಲವು ಗಂಟೆ ನೆನೆಯಿಡುವುದು. ಹುಳಿಯು ತುಕ್ಕನ್ನು ಕರಗಿಸಿದ ಮೇಲೆ ಕಬ್ಬಿಣವನ್ನೂ ತಿನ್ನಲು ತೊಡಗುವುದರಿಂದ, ತೆಗೆದ ತಕ್ಷಣ ಬೂದಿನೀರಿನಲ್ಲಿ ತೊಳೆದು, ಒರೆಸಿ, ಬಿಸಿಲಿನಲ್ಲಿ ಕಾಯಿಸಿ, ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ ಸವರಬೇಕು. ಇದಕ್ಕೆ ಉಪ್ಪನ್ನು ಬೆರೆಸಕೂಡದು. ತಾಮ್ರದ ಬಿಂದಿಗೆಯನ್ನು ಬೆಳಗುವ ಕ್ರಮವು ಕಬ್ಬಿಣಕ್ಕೆ ಹೊಂದುವುದಿಲ್ಲ.

ಮುಂದಿನ ಕಾಲದವರೆಗೆ ಇಡುವ ಕುಳ, ಕುಂಟೆಯ ಅಲಗು, ಕುಡುಗೋಲುಗಳಿಗೆ ನಾಲ್ಕು ಪಾಲು ಹರಳೆಣ್ಣೆಗೆ ಒಂದು ಪಾಲು ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿ ಬೆರೆಸಿದ ಮೆತ್ತನೆಯ ಮೇಣವು ಉತ್ತಮವಾದುದು. ಹೆರೆಯಿಲ್ಲದ ಸಾಮಾನುಗಳನ್ನು, ಎಂದರೆ ಬಾಗಿಲ ಚಿಲಕ, ಗಾಡಿಯ ಕೊಂಡಿ, ಸರಪಳಿಗಳನ್ನು, ಹೊಗೆಯೇಳುವಷ್ಟು ಬಿಸಿ ಮಾಡಿ ಬಯಲಿನಲ್ಲಿ ಅಗಸೆ ಎಣ್ಣೆಯ ಬಟ್ಟೆಯಿಂದ ಉದ್ದನೆಯ ಇಕ್ಕಳದಲ್ಲಿ ಹಿಡಿದು ಸವರಿದರೆ ಗಟ್ಟಿಯಾದ ಕಪ್ಪು ಪೊರೆ ಕಟ್ಟುವುದು. ಕಮ್ಮಾರನು ಹದ ಕೊಟ್ಟ ಕೊಡಲಿ, ಉಳಿ, ಮಚ್ಚುಗಳಿಗೆ ಈ ಕ್ರಮವು ಎಂದಿಗೂ ಆಗದು. ಉಜ್ಜಿದ ಉಕ್ಕನ್ನು ಕಾಯಿಸಿದರೆ ಸುಮಾರು 220 ಡಿಗ್ರಿ ಸೆಂಟಿಗ್ರೇಡಿನಲ್ಲಿ ಹುಲ್ಲಿನಂತಹ ಹಳದಿ ಬಣ್ಣವೂ, 300ರ ಸುಮಾರಿಗೆ ನೀಲಿಯೂ ಕಾಣುವುದು. ನೀಲಿಗೆ ಬಂದ ಬಾಯಿಯು ಮೆತ್ತಗಾಗಿರುವುದರಿಂದ ಮತ್ತೆ ಕಮ್ಮಾರನೇ ಹದ ಕೊಡಬೇಕು. ಸಾಣೆಯಂತ್ರದ ಮೇಲೆ ಅವಸರದಿಂದ ಒತ್ತಿ ಹಿಡಿದಾಗಲೂ ಇದೇ ಆಗುವುದು.

ಆಯುಧಪೂಜೆಯ ದಿವಸ ಮುಟ್ಟುಗಳನ್ನೆಲ್ಲಾ ತೊಳೆದು ವಿಭೂತಿ ಕುಂಕುಮಗಳನ್ನಿಟ್ಟು ಪೂಜಿಸುವ ಸಂಪ್ರದಾಯವು ಮುಟ್ಟುಗಳನ್ನು ವರ್ಷಕ್ಕೊಮ್ಮೆಯಾದರೂ ಬೆಳಕಿಗೆ ತರುವುದರಿಂದ ಸ್ತುತ್ಯವಾದುದು. ಆದರೆ ಆ ಒದ್ದೆಯಲ್ಲಿಯೇ ಅವನ್ನು ಮೂಲೆಗೆ ಸೇರಿಸಿದರೆ ಪೂಜೆಯೇ ತುಕ್ಕಿಗೆ ಆರಂಭವಾಗುವುದು. ಮರುದಿವಸ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ ಇಡುವುದನ್ನು ಹಬ್ಬದ ಕೆಲಸಗಳಲ್ಲಿಯೇ ಸೇರಿಸಿಕೊಳ್ಳಬಹುದು.

ಬಣ್ಣವೂ ಸೀಸವೂ

ಗಾಡಿಯ ಕಟ್ಟು, ಕಬ್ಬಿಣದ ನೇಗಿಲಿನ ಮೇಲ್ಭಾಗ, ಬಾಗಿಲು, ಇವುಗಳಿಗೆ ಬಣ್ಣವು ಯುಕ್ತವಾದುದು. ಮಣ್ಣಿನೊಡನೆ ಉಜ್ಜುವ ಕುಳಕ್ಕೂ ಕೈಹಿಡಿಗೂ ಬಣ್ಣ ಹಚ್ಚುವುದು ವ್ಯರ್ಥ. ಹಿಂದಿನ ಕಾಲದಲ್ಲಿ ಕಬ್ಬಿಣಕ್ಕೆ ಮೊದಲ ಲೇಪವಾಗಿ ಸೀಸದ ಸಿಂಧೂರವನ್ನು ಎಣ್ಣೆಯಲ್ಲಿ ಕಲಸಿ ಬಳಿಯುತ್ತಿದ್ದರು. ತುಕ್ಕನ್ನು ತಡೆಯುವುದರಲ್ಲಿ ಅದು ಸಮರ್ಥವಾದರೂ ಸೀಸವು ವಿಷ. ದನಗಳಿಗೆ, ಅದರಲ್ಲಿಯೂ ಕರುಗಳಿಗೆ, ಬಣ್ಣ ಬಳಿದ ಗೋದಲೆಯನ್ನೂ ಗೂಟವನ್ನೂ ನೆಕ್ಕುವ ಸ್ವಭಾವವುಂಟು. ಸೀಸವು ಹೊಟ್ಟೆಗೆ ಹೋದ ಕರುವು ಕಣ್ಣು ಕಾಣದಂತೆ ತಡವರಿಸಿ, ಹಲ್ಲು ಕಡಿದು, ನಡುಗಿ ಸಾಯುವುದು. ಮಕ್ಕಳಿಗೆ ಅದು ಸ್ವಲ್ಪಸ್ವಲ್ಪವಾಗಿ ಸೇರಿದರೂ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವುದು. ಭಾರತ ಸರ್ಕಾರವು 2016ರಲ್ಲಿ ಮಾಡಿದ ನಿಯಮದಂತೆ ಮನೆಗೆ ಉಪಯೋಗಿಸುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲನ್ನು ಮೀರಕೂಡದು. ಆದರೆ ಅದಕ್ಕೆ ಮುಂಚೆ ಬಳಿದ ಬಣ್ಣವು ಹಳೆಯ ಕಂಬ, ಬಾಗಿಲು, ಗಾಡಿಗಳ ಮೇಲೆ ಇನ್ನೂ ಇರಬಹುದು. ಅಂತಹುದನ್ನು ಒಣಗಿದ್ದಂತೆ ಉಜ್ಜಿ ಧೂಳೆಬ್ಬಿಸಕೂಡದು, ಸುಟ್ಟು ತೆಗೆಯಲೂ ಕೂಡದು. ನೀರು ಚಿಮುಕಿಸಿ ಕೆರೆದು, ಉದುರಿದ್ದನ್ನೆಲ್ಲಾ ಗೋಣಿಯ ಮೇಲೆ ಹಿಡಿದು, ದನವೂ ಮಕ್ಕಳೂ ಸೇರದ ಸ್ಥಳದಲ್ಲಿ, ಬಾವಿಗೂ ಕೆರೆಗೂ ದೂರವಾಗಿ ಹೂಳಬೇಕು.

ಈಗ ಕಬ್ಬಿಣದ ಮೊದಲ ಲೇಪಕ್ಕೆ ರೆಡ್ ಆಕ್ಸೈಡ್ ಎಂಬ ಕೆಂಪು ಬಣ್ಣವು ಎಲ್ಲ ಅಂಗಡಿಗಳಲ್ಲಿಯೂ ಸಿಕ್ಕುವುದು. ಅದರ ಕೆಂಪು ಕಬ್ಬಿಣದ್ದೇ ಹೊರತು ಸೀಸದ್ದಲ್ಲ. ಕೊಳ್ಳುವಾಗ ಡಬ್ಬಿಯ ಮೇಲೆ ಸೀಸವಿಲ್ಲವೆಂದು ಬರೆದಿದೆಯೇ ಎಂದು ಓದಿಸಿ ನೋಡಬೇಕು. ತುಕ್ಕು, ಜಿಡ್ಡು, ತೇವ ಯಾವುದೂ ಇಲ್ಲದ ಮೈಗೆ ಇದನ್ನು ತೆಳುವಾಗಿ ಬಳಿದು, ಆರಿದ ಮೇಲೆ ಬಣ್ಣದ ಎರಡು ಲೇಪ ಕೊಡುವುದು. ತುಕ್ಕಿನ ಮೇಲೆಯೇ ಬಳಿದ ಬಣ್ಣವು ಒಂದು ಮಳೆಗಾಲದಲ್ಲಿ ಹಪ್ಪಳದಂತೆ ಏಳುವುದು.

ಕರಾವಳಿಯಲ್ಲಿ ದೋಣಿಗಳಿಗೂ ಬಲೆಗಳಿಗೂ ಹಚ್ಚುವ ಗೋಡಂಬಿಯ ಸಿಪ್ಪೆಯ ಎಣ್ಣೆಯು ಮರವನ್ನು ಚೆನ್ನಾಗಿ ಕಾಪಾಡುವುದಾದರೂ ಚರ್ಮಕ್ಕೆ ತಾಗಿದರೆ ಬೊಬ್ಬೆಗಳೇಳುವುವು. ನೆಲದಲ್ಲಿ ಹುಗಿಯುವ ಕಂಬದ ಬುಡಕ್ಕೆ ಅದು ಇರಲಿ, ಕೈಮುಟ್ಟಿಗೆ ಬೇಡ.

ಅಡಿಕೆಯ ತೋಟಗಳ ಸೀಮೆಯಲ್ಲಿ ಇನ್ನೊಂದು ನಷ್ಟವುಂಟು. ಕೊಳೆರೋಗದ ವಿಷಯವಾಗಿ ಕೋಲ್ಮನ್ನರು 1910ರಲ್ಲಿ ಮೈಸೂರು ಸಂಸ್ಥಾನದಲ್ಲಿ ವರದಿಯನ್ನು ಪ್ರಕಟಿಸಿದರು. ಆ ರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ಮಲೆನಾಡಿನ ವಾಡಿಕೆಯಾಗಿದೆ. ಈ ದ್ರಾವಣಕ್ಕೆ ಹಾಕುವ ಮೈಲುತುತ್ತವು ಕಬ್ಬಿಣವನ್ನು ತಿಂದು ಅದರ ಮೇಲೆ ತಾಮ್ರವನ್ನು ಬಿಡುವುದು. ಮೈಲುತುತ್ತದ ನೀರಿನಲ್ಲಿ ಅದ್ದಿದ ಚಾಕು ಕೆಂಪಗಾಗುವುದನ್ನು ಎಲ್ಲರೂ ನೋಡಿದ್ದಾರೆ. ಆದುದರಿಂದ ಮೈಲುತುತ್ತವನ್ನು ಕಬ್ಬಿಣದ ತೊಟ್ಟಿಯಲ್ಲಿಯೂ ತಗಡಿನ ಡಬ್ಬಿಯಲ್ಲಿಯೂ ಕರಗಿಸದೆ, ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಕರಗಿಸಬೇಕು. ಸಿಂಪಡಿಸಿದ ಸಂಜೆಯೇ ಪಂಪಿನಲ್ಲಿ ಎರಡು ಮೂರು ಸಲ ಬರಿಯ ನೀರನ್ನು ಹಾಯಿಸಿ, ತಲೆಕೆಳಗಾಗಿ ತೂಗುಹಾಕಿ, ಮರುದಿವಸ ಅದರ ಕಬ್ಬಿಣದ ಭಾಗಗಳಿಗೆ ಮಾತ್ರ ಎಣ್ಣೆ ಸವರುವುದು. ರಬ್ಬರಿನ ಬಿರಡೆಗಳಿಗೆ ಎಣ್ಣೆ ತಾಗಿದರೆ ಅವು ಉಬ್ಬಿ ಕೆಡುವುದರಿಂದ ಅವನ್ನು ಮೊದಲೇ ಬಿಚ್ಚಿ ಬೇರೆ ಇಟ್ಟಿರಬೇಕು.